ಸಮೋವಾದ ಮೈತೂಕ, ಭಾರತದ ಹೊಟ್ಟೆ

ಪೆಸಿಫಿಕ್ ಮಹಾಸಾಗರದ ನಡುವಿನ ಸಮೋವಾ ದೇಶದ ರಾಜಧಾನಿ ಆಪಿಯಾದ ಮಾರುಕಟ್ಟೆಯಲ್ಲಿ ಕೆಸುವಿನ ಗೆಡ್ಡೆಯ ಕಟ್ಟುಗಳು, ಹಸಿರು ಬಾಳೆಗೊನೆಗಳು, ತೆಂಗಿನಕಾಯಿಗಳು, ಕರಾವಳಿ ಕನ್ನಡಿಗರು ದೀಗುಜ್ಜೆ ಎಂದು ಕರೆಯುವ ದೀವಿಹಲಸು ಇಂದಿಗೂ ಮಾರಾಟಕ್ಕೆ ಬರುತ್ತವೆ. ಅದೇ ಊರಿನ ಅಂಗಡಿಗಳ ಕಪಾಟಿನಲ್ಲಿ ಉಪ್ಪು ಬೆರೆಸಿದ ಗೋಮಾಂಸದ ಡಬ್ಬಿಗಳೂ ಸಿಹಿ ಪಾನೀಯದ ಬಾಟಲಿಗಳೂ ತುಂಬಿದ್ದರೆ, ಶೀತಲ ಪೆಟ್ಟಿಗೆಗಳಲ್ಲಿ ಹೊರದೇಶಗಳಿಂದ ಬಂದ ಕುರಿಯ ಹೊಟ್ಟೆಭಾಗದ ಕೊಬ್ಬಿನ ಪಟ್ಟಿಗಳೂ ಟರ್ಕಿ ಕೋಳಿಯ ಬಾಲದ ತುಂಡುಗಳೂ ಇರುತ್ತವೆ. ಶ್ರೀಮಂತ ದೇಶಗಳ ಗ್ರಾಹಕರು ಮುಟ್ಟದ ಈ ಭಾಗಗಳು ಅಗ್ಗದ ಮಾಂಸವಾಗಿ ಹಡಗೇರಿ ದ್ವೀಪಗಳನ್ನು ಸೇರುತ್ತವೆ. ಟರ್ಕಿ ಬಾಲದ ಆಮದನ್ನು ಸಮೋವಾ ಸರ್ಕಾರ ಆರೋಗ್ಯದ ಕಾರಣಕ್ಕೆ 2007ರಲ್ಲಿ ನಿಷೇಧಿಸಿತು. 2012ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯತ್ವ ಪಡೆಯುವಾಗ ಆ ನಿಷೇಧವನ್ನು ಕೈಬಿಡಲು ಒಪ್ಪಿಕೊಳ್ಳಬೇಕಾಯಿತು.

ವಯಸ್ಕರಲ್ಲಿ ಬಹುಪಾಲು ಮಂದಿ ಅತಿತೂಕದವರೋ ಬೊಜ್ಜಿನವರೋ ಆಗಿರುವ ಈ ದೇಶವನ್ನು ನೋಡಿದವರು ಕೊಡುವ ವಿವರಣೆ ಸಾಮಾನ್ಯವಾಗಿ ಎರಡರಲ್ಲಿ ಒಂದಾಗಿರುತ್ತದೆ: ಅದು ಅವರ ರಕ್ತದಲ್ಲೇ ಇದೆ ಎಂಬುದು ಒಂದು, ಅದು ಅವರ ತಟ್ಟೆಯಲ್ಲಿದೆ ಎಂಬುದು ಇನ್ನೊಂದು. ಕಳೆದ ಎರಡು ದಶಕಗಳ ವಂಶವಾಹಿ ಸಂಶೋಧನೆ ಎರಡನ್ನೂ ಪೂರ್ತಿ ತಳ್ಳಿಹಾಕಿಲ್ಲ. ಆದರೆ ಈ ಎರಡು ವಿವರಣೆಗಳು ಉತ್ತರಿಸುತ್ತಿರುವುದು ಒಂದೇ ಪ್ರಶ್ನೆಯನ್ನಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿದೆ.

ದ್ವೀಪದಲ್ಲಷ್ಟೇ ಸಿಕ್ಕ ರೂಪಾಂತರ

ಮನುಷ್ಯನ ಹೆಚ್ಚುಕಡಿಮೆ ಪ್ರತಿ ಜೀವಕೋಶದಲ್ಲೂ ಇರುವ ಡಿಎನ್‌ಎ ಎಂಬ ಉದ್ದನೆಯ ರಾಸಾಯನಿಕ ಸರಪಳಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿದ್ದು, ಅದರಲ್ಲಿ ದೇಹದ ಒಂದು ನಿರ್ದಿಷ್ಟ ಕೆಲಸಕ್ಕೆ ಸೂಚನೆ ಕೊಡುವ ತುಣುಕನ್ನು ವಂಶವಾಹಿ ಎನ್ನುತ್ತಾರೆ. ಒಬ್ಬರಿಂದೊಬ್ಬರಿಗೆ ಈ ಅಕ್ಷರಗಳು ಅಲ್ಲಲ್ಲಿ ಬದಲಾಗಿರುತ್ತವೆ. ಹಾಗೆ ಬದಲಾದ ರೂಪವೇ ರೂಪಾಂತರ. ಪ್ರತಿ ವಂಶವಾಹಿಯ ಒಂದು ಪ್ರತಿ ತಾಯಿಯಿಂದ, ಇನ್ನೊಂದು ತಂದೆಯಿಂದ ಬರುವುದರಿಂದ ಒಬ್ಬ ವ್ಯಕ್ತಿಯಲ್ಲಿ ಒಂದು ರೂಪಾಂತರದ ಎರಡು ಪ್ರತಿಗಳಿರಬಹುದು, ಒಂದಿರಬಹುದು, ಇಲ್ಲದೆಯೂ ಇರಬಹುದು.

ಸಮೋವಾದ 3,000ಕ್ಕೂ ಹೆಚ್ಚು ಜನರ ಡಿಎನ್‌ಎ ಪರೀಕ್ಷಿಸಿದ ಅಮೆರಿಕ ಮತ್ತು ಸಮೋವಾದ ಸಂಶೋಧಕರ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿಆರ್‌ಇಬಿಆರ್‌ಎಫ್ ಎಂಬ ವಂಶವಾಹಿಯ ಒಂದು ರೂಪಾಂತರ ಕಾಣಿಸಿಕೊಂಡಿತು. ಸಮೋವಾದ ಸುಮಾರು 45 ಶೇಕಡಾ ಜನರಲ್ಲಿ ಅದರ ಕನಿಷ್ಠ ಒಂದು ಪ್ರತಿಯಿದೆ. ಟೊಂಗಾ, ನ್ಯೂಜಿಲೆಂಡಿನ ಮಾವೊರಿ ಮುಂತಾದ ಸೋದರ ಜನಾಂಗಗಳಲ್ಲೂ ಅದು ಸಿಗುತ್ತದೆ. ಯುರೋಪ್, ಆಫ್ರಿಕಾಗಳ ಜನರಲ್ಲಿ ಹುಡುಕಿದರೂ ಇಲ್ಲವೆನ್ನುವಷ್ಟು ವಿರಳ. ಅದರ ಒಂದೊಂದು ಪ್ರತಿಗೂ ದೇಹತೂಕ ಸೂಚ್ಯಂಕ, ಅಂದರೆ ಕಿಲೋಗ್ರಾಂ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಬಿಎಂಐ, ಸರಾಸರಿ 1.4ರಷ್ಟು ಹೆಚ್ಚುತ್ತದೆ. 170 ಸೆಂಟಿಮೀಟರ್ ಎತ್ತರದವರಲ್ಲಿ ಇದು ಸುಮಾರು 4 ಕಿಲೋ. ಬೊಜ್ಜಿಗೆ ಸಂಬಂಧಿಸಿ ಆವರೆಗೆ ತಿಳಿದಿದ್ದ ಯಾವ ಸಾಮಾನ್ಯ ರೂಪಾಂತರದ ಪರಿಣಾಮವೂ ಇಷ್ಟು ದೊಡ್ಡದಾಗಿರಲಿಲ್ಲ.

ಇಲ್ಲಿಗೇ ನಿಂತಿದ್ದರೆ ‘ರಕ್ತದಲ್ಲೇ ಇದೆ’ ಎನ್ನುವವರಿಗೆ ಗೆಲುವು ಸಿಕ್ಕಂತೆಯೇ ಆಗುತ್ತಿತ್ತು. ಆದರೆ ಆ ಅಧ್ಯಯನದಲ್ಲೇ ಎರಡು ತೊಡಕುಗಳಿದ್ದವು. ಈ ರೂಪಾಂತರ ಇದ್ದವರಿಗೆ ಮೈತೂಕ ಹೆಚ್ಚಿದ್ದರೂ ಮಧುಮೇಹದ ಅಪಾಯ ಹೆಚ್ಚಿರಲಿಲ್ಲ, ಸ್ಪಷ್ಟವಾಗಿ ಕಡಿಮೆಯಿತ್ತು. ದಪ್ಪಗಾದಷ್ಟೂ ಸಕ್ಕರೆ ಕಾಯಿಲೆ ಹತ್ತಿರ ಎಂಬ ವೈದ್ಯಕೀಯದ ರೂಢಿಯ ಮಾತು ಇಲ್ಲಿ ತಲೆಕೆಳಗಾಯಿತು. ಮುಂದಿನ ಅಧ್ಯಯನಗಳು ಈ ರೂಪಾಂತರವುಳ್ಳವರಲ್ಲಿ ಎತ್ತರ ಮತ್ತು ಸ್ನಾಯುವಿನ ಪ್ರಮಾಣವೂ ಹೆಚ್ಚೆಂದು ತೋರಿಸಿದ್ದರಿಂದ, ತಕ್ಕಡಿಯಲ್ಲಿ ಕಾಣುವ ಹೆಚ್ಚುವರಿ ತೂಕವೆಲ್ಲ ಕೊಬ್ಬೇ ಅಲ್ಲವೆಂಬುದೂ ತಿಳಿಯಿತು. ಎರಡನೆಯ ತೊಡಕು ಇನ್ನೂ ಸರಳ: ರೂಪಾಂತರ ಇಲ್ಲದ ಅರ್ಧಕ್ಕಿಂತ ಹೆಚ್ಚು ಜನರಲ್ಲೂ ಬೊಜ್ಜು ಅತ್ಯಂತ ಸಾಮಾನ್ಯವಾಗಿಯೇ ಇತ್ತು. ಮೂರು ಸಾವಿರ ವರ್ಷಗಳ ಹತ್ತಿರದ ಇತಿಹಾಸವುಳ್ಳ ಆ ಜನರ ವಂಶವಾಹಿ, ಬೊಜ್ಜು ಏರಿದ ಐದಾರು ದಶಕಗಳಲ್ಲಿ ಬದಲಾಗಿರಲಾರದು.

ಬರಗಾಲದ ಸಿದ್ಧಾಂತ ಮತ್ತು ಗೀಲಾ ನದಿ

ಇಂಥ ರೂಪಾಂತರ ಎಲ್ಲಿಂದ ಬಂತು ಎಂಬುದಕ್ಕೆ ಅಮೆರಿಕದ ತಳಿವಿಜ್ಞಾನಿ ಜೇಮ್ಸ್ ನೀಲ್ 1962ರಲ್ಲಿ ಮಂಡಿಸಿದ ‘ಮಿತವ್ಯಯಿ ವಂಶವಾಹಿ’ ಸಿದ್ಧಾಂತ ಸಿದ್ಧ ಉತ್ತರದಂತೆ ಕಾಣುತ್ತದೆ. ಸುಗ್ಗಿ ಮತ್ತು ಬರ ಸರದಿಯಲ್ಲಿ ಬರುತ್ತಿದ್ದ ಕಾಲದಲ್ಲಿ, ಉಂಡದ್ದನ್ನು ಬೇಗನೆ ಕೊಬ್ಬಾಗಿ ಕೂಡಿಡಬಲ್ಲ ದೇಹಗಳು ಬರವನ್ನು ದಾಟಿ ಮಕ್ಕಳನ್ನು ಹೆತ್ತವು, ಆ ಗುಣ ವಂಶದಲ್ಲಿ ಉಳಿಯಿತು, ವರ್ಷಪೂರ್ತಿ ಸುಗ್ಗಿಯಾದಾಗ ಅದೇ ಗುಣ ರೋಗವಾಯಿತು ಎಂಬುದು ಅದರ ಸಾರ. ದೋಣಿಗಳಲ್ಲಿ ವಾರಗಟ್ಟಲೆ ಸಾಗರ ದಾಟಿ ದ್ವೀಪ ಸೇರಿದವರ ವಿಷಯದಲ್ಲಿ ಈ ಕಥೆ ಎಷ್ಟು ಚೆನ್ನಾಗಿ ಹೊಂದುತ್ತದೆಯೆಂದರೆ, ಅದಕ್ಕೆ ಪುರಾವೆ ಕೇಳುವುದನ್ನೇ ಅನೇಕರು ಮರೆತಿದ್ದಾರೆ.

ನೀಲ್ ಅವರೇ ಮುಂದೆ ತಮ್ಮ ಸಿದ್ಧಾಂತವನ್ನು ತಿದ್ದಿಕೊಂಡರು. ಬ್ರಿಟನ್ನಿನ ಜೀವವಿಜ್ಞಾನಿ ಜಾನ್ ಸ್ಪೀಕ್‌ಮನ್, ಬರಗಾಲದಲ್ಲಿ ಸಾಯುವವರು ಹೆಚ್ಚಾಗಿ ಎಳೆಯರೂ ಮುದುಕರೂ ಆಗಿರುವುದರಿಂದ ತೆಳ್ಳಗಿನವರನ್ನೇ ಆರಿಸಿ ಅಳಿಸಿಹಾಕುವ ಶಕ್ತಿ ಅದಕ್ಕಿಲ್ಲ ಎಂದು ವಾದಿಸಿದರು. ಸಮೋವಾದ ರೂಪಾಂತರದ ಬಳಿ ನೈಸರ್ಗಿಕ ಆಯ್ಕೆಯ ಗುರುತುಗಳನ್ನು 2016ರ ಅಧ್ಯಯನ ಕಂಡಿತ್ತಾದರೂ, ದ್ವೀಪದ ಜನರಲ್ಲಿ ಇನ್ನೊಂದು ಕಾರಣವೂ ಕೆಲಸ ಮಾಡುತ್ತದೆ. ಬೆರಳೆಣಿಕೆಯ ಕುಟುಂಬಗಳು ಹೊಸ ನೆಲದಲ್ಲಿ ನೆಲೆಯೂರಿದಾಗ, ಅವರಲ್ಲಿ ಒಬ್ಬಿಬ್ಬರಿಗಿದ್ದ ರೂಪಾಂತರ ಯಾವ ಲಾಭವನ್ನೂ ಕೊಡದೆ, ಬರೀ ಅದೃಷ್ಟದಿಂದ, ಮುಂದಿನ ಇಡೀ ಜನಸಂಖ್ಯೆಯಲ್ಲಿ ಹರಡಿಬಿಡಬಹುದು; ಇದನ್ನು ಸ್ಥಾಪಕ ಪರಿಣಾಮ ಎನ್ನುತ್ತಾರೆ.

ಮಿತವ್ಯಯಿ ಸಿದ್ಧಾಂತಕ್ಕೆ ಬಹುಕಾಲ ಉದಾಹರಣೆಯಾಗಿದ್ದವರು ಅಮೆರಿಕದ ಅರಿಜೋನಾದ ಪೀಮಾ ಜನ. ಗೀಲಾ ನದಿಯಿಂದ ಕಾಲುವೆ ತೋಡಿ ಮೆಕ್ಕೆಜೋಳ, ಬೀನ್ಸ್, ಕುಂಬಳ ಬೆಳೆಯುತ್ತಿದ್ದ ಈ ರೈತರ ನೀರನ್ನು 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಮೇಲ್ದಂಡೆಯ ವಲಸಿಗರು ತಿರುಗಿಸಿಕೊಂಡದ್ದರಿಂದ ಹೊಲಗಳು ಬರಡಾದವು. ಕ್ರಮೇಣ ಮೈದಾ, ಸಕ್ಕರೆ, ಪ್ರಾಣಿಕೊಬ್ಬಿನಂಥ ಸರ್ಕಾರಿ ಪಡಿತರವೇ ಆಹಾರವಾಯಿತು. ಅವರ ನಿಕಟ ಬಂಧುಗಳಾದ ಮೆಕ್ಸಿಕೊದ ಪೀಮಾಗಳು ಮಾತ್ರ ಬೆಟ್ಟದ ಮೇಲಿನ ಮೈಕೋಬಾದಂಥ ಹಳ್ಳಿಗಳಲ್ಲಿ ಮೈಮುರಿದು ದುಡಿಯುತ್ತ ಹಳೆಯ ಬೇಸಾಯದಲ್ಲೇ ಉಳಿದರು. ಎರಡೂ ಗುಂಪುಗಳನ್ನು ಹೋಲಿಸಿದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಧುಮೇಹದ ಪ್ರಮಾಣ ಅಮೆರಿಕದ ಪೀಮಾಗಳಲ್ಲಿ 38 ಶೇಕಡಾ ಇದ್ದರೆ, ಮೆಕ್ಸಿಕೊದವರಲ್ಲಿ 6.9 ಶೇಕಡಾ ಮಾತ್ರ ಇತ್ತು. ಗಡಿಯ ಈಚೆ ಆಚೆ ಇದ್ದದ್ದು ಹೆಚ್ಚುಕಡಿಮೆ ಒಂದೇ ವಂಶವಾಹಿ. ಕಳೆದುಹೋದದ್ದು ನದಿ.

1942ರ ಆಚೆ ಈಚೆ

ಹಾಗೆಂದು ವಂಶವಾಹಿಗೆ ಪಾತ್ರವೇ ಇಲ್ಲವೆಂದು ಹೇಳುವಂತಿಲ್ಲ. ಕೆನಡಾದ ಕ್ಲೋಡ್ ಬೂಶಾರ್ ಮತ್ತು ಸಹೋದ್ಯೋಗಿಗಳು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಅಂಡದಿಂದ ಹುಟ್ಟಿದ 12 ಜೋಡಿ ಅವಳಿ ಯುವಕರಿಗೆ 100 ದಿನಗಳ ಅವಧಿಯಲ್ಲಿ 84 ದಿನ ಅವರ ಅಗತ್ಯಕ್ಕಿಂತ ದಿನಕ್ಕೆ 1,000 ಕ್ಯಾಲೊರಿ ಹೆಚ್ಚು ಉಣಿಸಲಾಯಿತು. ಎಲ್ಲರೂ ಉಂಡ ಹೆಚ್ಚುವರಿ ಅಷ್ಟೇ ಆಗಿದ್ದರೂ ಒಬ್ಬನ ತೂಕ 4.3 ಕಿಲೋ ಏರಿದರೆ ಇನ್ನೊಬ್ಬನದು 13.3 ಕಿಲೋ ಏರಿತು. ಆದರೆ ಒಂದೇ ಜೋಡಿಯ ಇಬ್ಬರು ಅಣ್ಣತಮ್ಮಂದಿರು ಬಹುಮಟ್ಟಿಗೆ ಸಮಸಮವಾಗಿಯೇ ದಪ್ಪಗಾದರು. ಒಂದೇ ಪರಿಸರದಲ್ಲಿರುವವರ ನಡುವೆ ಯಾರು ಎಷ್ಟು ಕೊಬ್ಬು ಕೂಡಿಡುತ್ತಾರೆ ಎಂಬುದನ್ನು ಅನುವಂಶೀಯತೆ ಬಲವಾಗಿ ನಿರ್ಧರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ಈ ಅನುವಂಶೀಯತೆ ಯಾವ ಅಕ್ಷರಗಳಲ್ಲಿ ಅಡಗಿದೆ ಎಂಬ ಹುಡುಕಾಟಕ್ಕೆ 2007ರಲ್ಲಿ ಮೊದಲ ದೊಡ್ಡ ಫಲ ಸಿಕ್ಕಿತು. ಎಫ್‌ಟಿಒ ಎಂಬ ವಂಶವಾಹಿಯ ಒಂದು ರೂಪಾಂತರದ ಎರಡು ಪ್ರತಿಗಳಿರುವ ಯುರೋಪಿಯನ್ನರು, ಒಂದೂ ಇಲ್ಲದವರಿಗಿಂತ ಸರಾಸರಿ 3 ಕಿಲೋ ಹೆಚ್ಚು ತೂಗುತ್ತಿದ್ದರು. ಯುರೋಪಿನ ಜನರಲ್ಲಿ ಈ ರೂಪಾಂತರ 40 ಶೇಕಡಾ ಆಸುಪಾಸಿನಲ್ಲಿದ್ದರೆ, ಜಪಾನ್, ಚೀನಾಗಳಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ. ದಕ್ಷಿಣ ಏಷ್ಯಾದವರು ನಡುವೆ ಬರುತ್ತಾರೆ. ಜಪಾನೀಯರು ತೆಳ್ಳಗಿರುವುದಕ್ಕೆ ಇದೇ ಕಾರಣ ಎಂದು ಯಾರಾದರೂ ಹೇಳಿದರೆ ಸಣ್ಣದೊಂದು ಗುಣಾಕಾರ ಸಾಕು: ಪ್ರತಿ ಪ್ರತಿಗೆ ಒಂದೂವರೆ ಕಿಲೋ ಎಂದೇ ಹಿಡಿದರೂ, ಎರಡು ಜನಸಮೂಹಗಳ ಸರಾಸರಿಯಲ್ಲಿ ಅದು ತರುವ ವ್ಯತ್ಯಾಸ ಒಂದು ಕಿಲೋ ಮುಟ್ಟುವುದಿಲ್ಲ, ನಿಜವಾದ ವ್ಯತ್ಯಾಸ ಅದರ ಹಲವು ಪಟ್ಟು.

ಇನ್ನೂ ಸ್ವಾರಸ್ಯದ ಸಂಗತಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ದೀರ್ಘಕಾಲದ ಅಧ್ಯಯನದಿಂದ ಹೊರಬಂತು. ಅಲ್ಲಿನವರ ದಾಖಲೆಗಳನ್ನು ಹುಟ್ಟಿದ ವರ್ಷದ ಪ್ರಕಾರ ಬೇರ್ಪಡಿಸಿ ನೋಡಿದಾಗ, 1942ರ ನಂತರ ಹುಟ್ಟಿದವರಲ್ಲಿ ಎಫ್‌ಟಿಒ ರೂಪಾಂತರಕ್ಕೂ ಮೈತೂಕಕ್ಕೂ ಸಂಬಂಧ ಗಟ್ಟಿಯಾಗಿತ್ತು. ಅದಕ್ಕಿಂತ ಮೊದಲು ಹುಟ್ಟಿದವರಲ್ಲಿ ಸಂಬಂಧ ಕಾಣಲೇ ಇಲ್ಲ. ರೂಪಾಂತರ ಅದೇ, ಊರು ಅದೇ. ಬದಲಾದದ್ದು ಯುದ್ಧಾನಂತರದ ಅಡುಗೆಮನೆ, ಕಾರು, ಕುರ್ಚಿಯ ಕೆಲಸ. ಬೊಜ್ಜಿನ ವಂಶವಾಹಿ ಎಂದು ಕರೆಯುವುದಕ್ಕೆ ಪರಿಸರದ ಅನುಮತಿಯೂ ಬೇಕೆಂದಾಯಿತು. ಅಂದಹಾಗೆ ಇಂಥ ರೂಪಾಂತರಗಳಲ್ಲಿ ಬಹಳಷ್ಟು ಕೆಲಸ ಮಾಡುವುದು ಹೊಟ್ಟೆಯಲ್ಲಿ ಅಲ್ಲ, ಹಸಿವು ಮತ್ತು ತೃಪ್ತಿಯನ್ನು ನಿಯಂತ್ರಿಸುವ ಮೆದುಳಿನ ಭಾಗಗಳಲ್ಲಿ. ‘ಬಾಯಿ ಕಟ್ಟಲಾಗದವರು’ ಎಂದು ಸಮಾಜ ಹಂಗಿಸುವವರಲ್ಲಿ ಅನೇಕರಿಗೆ ಇತರರಿಗಿಂತ ನಿಜವಾಗಿಯೂ ಹೆಚ್ಚು ಹಸಿವಾಗುತ್ತದೆ.

ತೆಳ್ಳಗೆ ಕಾಣುವವರ ಕೊಬ್ಬು

ಭಾರತೀಯರ ವಿಷಯಕ್ಕೆ ಬಂದಾಗ ಪ್ರಶ್ನೆಯೇ ಬೇರೆಯಾಗುತ್ತದೆ: ಕೊಬ್ಬು ಎಷ್ಟು ಎಂಬುದಕ್ಕಿಂತ ಎಲ್ಲಿ ಎಂಬುದು ಇಲ್ಲಿ ಮುಖ್ಯ. ಪುಣೆಯ ವೈದ್ಯ ವಿಜ್ಞಾನಿ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಕ್ಕಪಕ್ಕ ನಿಂತ ತಮ್ಮದೇ ಚಿತ್ರವನ್ನು ಅಚ್ಚು ಹಾಕಿಸಿದರು. ಇಬ್ಬರ ಬಿಎಂಐ ಕರಾರುವಾಕ್ಕಾಗಿ 22.3, ಇಬ್ಬರೂ ನೋಡಲು ಸಪೂರ. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬಿನ ಪಾಲು 9.1 ಶೇಕಡಾ ಇದ್ದರೆ ಯಾಜ್ಞಿಕರ ದೇಹದಲ್ಲಿ 21.2 ಶೇಕಡಾ ಇತ್ತು. ತಕ್ಕಡಿಗೂ ಎತ್ತರದ ಪಟ್ಟಿಗೂ ಕಾಣದ ವ್ಯತ್ಯಾಸ ಇದು.

ಕಾರಣವಿಷ್ಟೇ: ಚರ್ಮದಡಿ, ಅದರಲ್ಲೂ ತೊಡೆ ಮತ್ತು ಪೃಷ್ಠದಲ್ಲಿ ಕೂಡುವ ಕೊಬ್ಬು ಹೆಚ್ಚು ಅಪಾಯ ಮಾಡುವುದಿಲ್ಲ, ಅಲ್ಲಿ ಜಾಗ ಮುಗಿದಾಗ ಅದು ಹೊಟ್ಟೆಯೊಳಗೆ, ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಸೇರಿಕೊಳ್ಳುತ್ತದೆ. ಹಾಗೆ ಸೇರಿದ ಕೊಬ್ಬು, ರಕ್ತದ ಸಕ್ಕರೆಯನ್ನು ಕೋಶಗಳೊಳಕ್ಕೆ ಕಳಿಸುವ ಇನ್ಸುಲಿನ್ ಎಂಬ ಹಾರ್ಮೋನಿನ ಮಾತನ್ನು ದೇಹ ಕೇಳದಂತೆ ಮಾಡುತ್ತದೆ. ದಕ್ಷಿಣ ಏಷ್ಯಾದವರಲ್ಲಿ ಸುರಕ್ಷಿತ ಜಾಗ ಬೇಗನೆ ತುಂಬುತ್ತದೆ, ಸ್ನಾಯುವಿನ ಪಾಲೂ ಕಡಿಮೆಯಿರುತ್ತದೆ. ಲಂಡನ್ನಿನಲ್ಲಿ ನೆಲೆಸಿದ ಭಾರತೀಯ ಮೂಲದವರ ಡಿಎನ್‌ಎ ಪರೀಕ್ಷಿಸಿದ 2008ರ ಅಧ್ಯಯನದಲ್ಲಿ, ಹಸಿವಿನ ನಿಯಂತ್ರಣಕ್ಕೆ ಸಂಬಂಧಿಸಿದ ಎಂಸಿ4ಆರ್ ವಂಶವಾಹಿಯ ಬಳಿಯ ಒಂದು ರೂಪಾಂತರದ ಎರಡು ಪ್ರತಿಗಳಿದ್ದವರ ಸೊಂಟದ ಸುತ್ತಳತೆ ಸುಮಾರು 2 ಸೆಂಟಿಮೀಟರ್ ಹೆಚ್ಚಿತ್ತು. ಅದೇ ರೂಪಾಂತರ ಯುರೋಪಿಯನ್ನರಲ್ಲೂ ಇದೆ.

ಕೊಬ್ಬು ಎಲ್ಲಿ ಕೂಡುತ್ತದೆ ಎಂಬುದು ಜನರಿಂದ ಜನರಿಗೆ ಬದಲಾಗುವುದರಿಂದಲೇ ಒಂದೇ ಅಳತೆಗೋಲು ಎಲ್ಲರಿಗೂ ಒಗ್ಗುವುದಿಲ್ಲ. ಸಾಮಾನ್ಯವಾಗಿ 25 ದಾಟಿದರೆ ಅತಿತೂಕ, 30 ದಾಟಿದರೆ ಬೊಜ್ಜು ಎನ್ನುವ ಬಿಎಂಐ ಮಿತಿಯನ್ನು ಭಾರತದ ತಜ್ಞರು 2009ರಲ್ಲಿ 23 ಮತ್ತು 25ಕ್ಕೆ ಇಳಿಸಿದರು, ಸೊಂಟದ ಸುತ್ತಳತೆಯ ಮಿತಿಯನ್ನು ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಎಂದು ನಿಗದಿಪಡಿಸಿದರು. ಸ್ನಾಯು ಹೆಚ್ಚಿರುವ ಪಾಲಿನೇಷ್ಯನ್ನರಿಗೆ ಸಂಶೋಧಕರು ಬಳಸುವ ಮಿತಿಗಳು 26 ಮತ್ತು 32. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚಿದ್ದ ಹೆಂಗಸರು ದೇಶದಲ್ಲಿ 24 ಶೇಕಡಾ, ಕರ್ನಾಟಕದಲ್ಲಿ ಸುಮಾರು 30 ಶೇಕಡಾ. ಅದೇ ಸಮೀಕ್ಷೆ ಟೇಪು ಹಿಡಿದು ಸೊಂಟ ಮತ್ತು ನಿತಂಬದ ಅನುಪಾತ ಅಳೆದಾಗ ಅಪಾಯದ ಗೆರೆ ದಾಟಿದ ಹೆಂಗಸರು ದೇಶದಲ್ಲಿ 56.7 ಶೇಕಡಾ. ಎರಡರ ನಡುವಿನ ಅಂತರದಲ್ಲಿರುವವರಲ್ಲಿ ಅನೇಕರು ತಮ್ಮನ್ನು ತಾವು ಸಪೂರವೆಂದೇ ತಿಳಿದಿರಬಹುದು.

ಮಿಷನ್ ಆಸ್ಪತ್ರೆಯ ಹೆರಿಗೆ ದಾಖಲೆಗಳು

ಈ ಹೊಟ್ಟೆ ವಂಶವಾಹಿಯಿಂದಲೇ ಬಂದದ್ದೇ ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಮೈಸೂರಿನಲ್ಲಿದೆ. ಊರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದ ದಾಖಲೆಗಳು ಉಳಿದುಕೊಂಡಿದ್ದವು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಕ್ಯಾರೋಲಿನ್ ಫಾಲ್ ಮತ್ತು ಮೈಸೂರಿನ ಸಂಶೋಧಕರು ಆ ಶಿಶುಗಳು ದೊಡ್ಡವರಾದ ಮೇಲೆ ಅವರನ್ನು ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಗಿಡ್ಡಗಿದ್ದು ಉದ್ದಕ್ಕೆ ಹೋಲಿಸಿದರೆ ದುಂಡಗಿದ್ದವರಲ್ಲಿ, ದಪ್ಪ ತಾಯಂದಿರ ಮಕ್ಕಳಲ್ಲಿ, ಮಧುಮೇಹ ಹೆಚ್ಚಿದ್ದುದು ಕಂಡುಬಂತು. 1997–98ರಲ್ಲಿ ಅಲ್ಲಿ ಗರ್ಭಿಣಿಯರಾಗಿದ್ದವರ ಮಕ್ಕಳನ್ನು ಹಿಂಬಾಲಿಸಿದ ಮುಂದಿನ ಅಧ್ಯಯನದಲ್ಲಿ, ಬಸುರಿಯಾಗಿದ್ದಾಗ ಸಕ್ಕರೆ ಕಾಯಿಲೆ ಕಾಣಿಸಿಕೊಂಡ ತಾಯಂದಿರ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಐದನೆಯ ವಯಸ್ಸಿಗೇ ಹೆಚ್ಚು ಕೊಬ್ಬು ಕೂಡಿಸಿಕೊಂಡಿದ್ದರು.

ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಯಾಜ್ಞಿಕರ ತಂಡ ಕಂಡದ್ದೂ ಇದಕ್ಕೆ ಹತ್ತಿರದ್ದೇ. ಅಲ್ಲಿನ ನವಜಾತ ಶಿಶುಗಳ ಸರಾಸರಿ ತೂಕ 2.7 ಕಿಲೋ, ಸೌತಾಂಪ್ಟನ್ನಿನವರದು 3.5 ಕಿಲೋ, ಪುಣೆಯ ಶಿಶುಗಳ ಸ್ನಾಯು, ಹೊಟ್ಟೆಯ ಅಂಗಾಂಗಗಳು ಸೊರಗಿದ್ದರೂ ಬೆನ್ನಿನ ಹೆಗಲೆಲುಬಿನ ಕೆಳಗಿನ ಕೊಬ್ಬಿನ ಪದರ ಬಹುಮಟ್ಟಿಗೆ ಉಳಿದುಕೊಂಡಿತ್ತು. ತಾಯಿಯ ಅಪೌಷ್ಟಿಕತೆ ಮತ್ತು ತಾಯಿಯ ಸಕ್ಕರೆ, ಎರಡೂ ಗರ್ಭದಲ್ಲೇ ಮಗುವಿನ ದೇಹದ ಹಂಚಿಕೆಯನ್ನು ತಿದ್ದುತ್ತವೆ. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಹೀಗೆ ದಾಟುವುದು ಹೊರನೋಟಕ್ಕೆ ಅನುವಂಶೀಯವೆಂದೇ ತೋರಿದರೂ ಅದಕ್ಕೆ ಡಿಎನ್‌ಎಯ ಒಂದಕ್ಷರವೂ ಬದಲಾಗಬೇಕಿಲ್ಲ. ‘ನಮ್ಮ ಮನೆತನದ ಮೈಕಟ್ಟೇ ಹೀಗೆ’ ಎನ್ನುವ ಮಾತಿನಲ್ಲಿ ಎಷ್ಟು ಪಾಲು ವಂಶವಾಹಿ, ಎಷ್ಟು ಪಾಲು ಬಸಿರು, ಎಷ್ಟು ಪಾಲು ಅಡುಗೆಮನೆ ಎಂದು ಬಿಡಿಸುವುದು ಆದ್ದರಿಂದಲೇ ಕಷ್ಟ.

ಒಂದೇ ತಪ್ಪಿನಿಂದ ಬರುವ ಬೊಜ್ಜು

ನೂರಾರು ರೂಪಾಂತರಗಳ ಸಣ್ಣ ಪರಿಣಾಮಗಳು ಒಟ್ಟುಗೂಡುವುದು ಸಾಮಾನ್ಯ ಬೊಜ್ಜಿನ ರೀತಿಯಾದರೆ, ಒಂದೇ ವಂಶವಾಹಿ ಕೆಟ್ಟು ಬರುವ ವಿರಳ ಬೊಜ್ಜೂ ಇದೆ. ಬ್ರಿಟನ್ನಿನಲ್ಲಿದ್ದ ಪಾಕಿಸ್ತಾನಿ ಮೂಲದ ಕುಟುಂಬದ ಇಬ್ಬರು ಮಕ್ಕಳ ವಿವರ 1997ರಲ್ಲಿ ಪ್ರಕಟವಾಯಿತು: ಎಂಟು ವರ್ಷದ ಹುಡುಗಿಯ ತೂಕ 86 ಕಿಲೋ, ಎರಡು ವರ್ಷದ ಬಂಧು ಬಾಲಕನದು 29 ಕಿಲೋ. ಕೊಬ್ಬಿನ ಕೋಶಗಳು ‘ಸಾಕು’ ಎಂದು ಮೆದುಳಿಗೆ ತಿಳಿಸಲು ಹೊರಸೂಸುವ ಲೆಪ್ಟಿನ್ ಎಂಬ ಹಾರ್ಮೋನು ಅವರಲ್ಲಿ ತಯಾರಾಗುತ್ತಲೇ ಇರಲಿಲ್ಲ. ಚುಚ್ಚುಮದ್ದಿನ ಮೂಲಕ ಅದನ್ನು ಕೊಟ್ಟಾಗ ಹುಡುಗಿಯ ಹಸಿವೂ ತೂಕವೂ ಇಳಿದವು. ತಂದೆತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ಕಾಣಿಸುವ ಇಂಥ ದೋಷ, ರಕ್ತಸಂಬಂಧದಲ್ಲಿ ಮದುವೆಯಾಗುವ ಸಮುದಾಯಗಳಲ್ಲಿ ಹೆಚ್ಚು. ಪಾಕಿಸ್ತಾನದ ಅಂಥ ಕುಟುಂಬಗಳ ತೀವ್ರ ಬೊಜ್ಜಿನ ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನವೊಂದರಲ್ಲಿ ಸುಮಾರು 30 ಶೇಕಡಾ ಮಕ್ಕಳಿಗೆ ಮೂರೇ ವಂಶವಾಹಿಗಳ ದೋಷಗಳು ಕಾರಣವಾಗಿದ್ದವು. ಸೋದರಮಾವನ ಜೊತೆ, ಅತ್ತೆಯ ಮಗನ ಜೊತೆ ಮದುವೆ ರೂಢಿಯಲ್ಲಿರುವ ದಕ್ಷಿಣ ಭಾರತದಲ್ಲಿ, ಹುಟ್ಟಿದ ಕೆಲವೇ ತಿಂಗಳಲ್ಲಿ ಅತಿಯಾದ ಹಸಿವಿನೊಂದಿಗೆ ಊದಿಕೊಳ್ಳುವ ಮಗುವನ್ನು ‘ಚೆನ್ನಾಗಿ ಉಣ್ಣುವ ಕೂಸು’ ಎಂದು ಸುಮ್ಮನಾಗದೆ ಮಕ್ಕಳ ವೈದ್ಯರಿಗೆ ತೋರಿಸುವುದಕ್ಕೆ ಇದು ಸಾಕಷ್ಟು ಕಾರಣ.

ಯಾರ ರಕ್ತದ ಲೆಕ್ಕ?

ಸಾಮಾನ್ಯ ಬೊಜ್ಜಿನ ವಿಷಯದಲ್ಲಿ, ಸುಮಾರು 7 ಲಕ್ಷ ಜನರ ಡಿಎನ್‌ಎ ಆಧರಿಸಿದ 2018ರ ಅಧ್ಯಯನ ಬಿಎಂಐಗೆ ಸಂಬಂಧಿಸಿದ 900ಕ್ಕೂ ಹೆಚ್ಚು ರೂಪಾಂತರಗಳನ್ನು ಪಟ್ಟಿ ಮಾಡಿತು. ಎಲ್ಲವನ್ನೂ ಕೂಡಿದರೂ ಜನರ ನಡುವಿನ ಬಿಎಂಐ ವ್ಯತ್ಯಾಸದಲ್ಲಿ ಅವು ವಿವರಿಸಿದ್ದು ಸುಮಾರು 6 ಶೇಕಡಾ. ಆ 7 ಲಕ್ಷ ಜನ ಯುರೋಪಿಯನ್ ಮೂಲದವರು. ಇಂಥ ಅಧ್ಯಯನಗಳಲ್ಲಿ ಪಾಲ್ಗೊಂಡವರಲ್ಲಿ ಯುರೋಪಿಯನ್ ಮೂಲದವರು 2009ರಲ್ಲಿ 96 ಶೇಕಡಾ, 2016ರಲ್ಲೂ 81 ಶೇಕಡಾ ಇದ್ದರು ಎಂಬ ಲೆಕ್ಕವಿದೆ.

ಎಂಜಲಿನ ಮಾದರಿ ಕಳಿಸಿದರೆ ಬೊಜ್ಜಿನ ಅಪಾಯ ಹೇಳುತ್ತೇವೆ ಎನ್ನುವ ಪರೀಕ್ಷೆಗಳು ಭಾರತದಲ್ಲೂ ಮಾರಾಟದಲ್ಲಿವೆ. ರೂಪಾಂತರಗಳಿಗೆ ಅಂಕ ಕೊಟ್ಟು ಕೂಡಿಸುವ ಇಂಥ ಲೆಕ್ಕಾಚಾರ ಯಾವ ಜನರಿಂದ ರೂಪುಗೊಂಡಿತೋ ಅವರಲ್ಲಿ ಒಂದು ಮಟ್ಟಕ್ಕೆ ನಿಖರ, ಬೇರೆಯವರಲ್ಲಿ ಸಡಿಲ. ಯುರೋಪಿನಲ್ಲಿ ಸಿಗದ ಸಮೋವಾದ ರೂಪಾಂತರ ಯುರೋಪಿನ ಪಟ್ಟಿಯಲ್ಲಿ ಬರುವುದೇ ಇಲ್ಲ. ಭಾರತದ ಯಾವುದೋ ಸಮುದಾಯಕ್ಕಷ್ಟೇ ಸೀಮಿತವಾದದ್ದೊಂದು ಇದ್ದರೆ ಅದೂ ಬರುವುದಿಲ್ಲ. ಹಾಗೆ ಇರುವ ಸಾಧ್ಯತೆ ಕಡಿಮೆಯೇನಲ್ಲ, ಏಕೆಂದರೆ ಹತ್ತಾರು ತಲೆಮಾರು ತಮ್ಮೊಳಗೇ ಮದುವೆಯಾಗುತ್ತ ಬಂದ ಜಾತಿ, ಬುಡಕಟ್ಟುಗಳು ತಳಿವಿಜ್ಞಾನದ ದೃಷ್ಟಿಯಲ್ಲಿ ನೆಲದ ಮೇಲಿನ ದ್ವೀಪಗಳೇ. ‘ಭಾರತೀಯರು’ ಎಂಬ ಒಂದೇ ಗುಂಪು ಈ ಲೆಕ್ಕಕ್ಕೆ ತೀರ ಒರಟು.

ಈ ಕೊರತೆ ತುಂಬಲು ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನಿಂದ 2020ರಲ್ಲಿ ಆರಂಭವಾದ ಜೀನೋಮ್ ಇಂಡಿಯಾ ಯೋಜನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಮುನ್ನಡೆಸಿತು. 80ಕ್ಕೂ ಹೆಚ್ಚು ಸಮುದಾಯಗಳಿಂದ ಆಯ್ದ ಸುಮಾರು 10,000 ಜನರ ಸಂಪೂರ್ಣ ಡಿಎನ್‌ಎ ಓದಿದ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ಮುಕ್ತಗೊಳಿಸಲಾಗಿದ್ದು, ಅದು ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿದೆ. ಸಮುದಾಯವೊಂದಕ್ಕೆ ನೂರರ ಆಸುಪಾಸಿನಷ್ಟು ಜನರಿರುವ ಈ ಸಂಗ್ರಹ ಯಾವ ರೂಪಾಂತರ ಎಲ್ಲಿ ಎಷ್ಟಿದೆ ಎಂದು ತಿಳಿಸಬಲ್ಲದು. ಆದರೆ ಅದು ಮೈತೂಕಕ್ಕೆ ಏನು ಮಾಡುತ್ತದೆ ಎಂದು ತಿಳಿಯಲು, ಸಮೋವಾದಲ್ಲಿ ಮಾಡಿದಂತೆ, ಒಂದೊಂದು ಸಮುದಾಯದಲ್ಲೂ ಸಾವಿರಾರು ಜನರನ್ನು ತೂಗಿ, ಸೊಂಟ ಅಳೆದು, ರಕ್ತ ಪರೀಕ್ಷಿಸುವ ಕೆಲಸ ಮುಂದಿನದು.